ಹಾಲೆಮರದ ಆಣಿ

"ಬೇರೆ ಎಲ್ಲಿ ಬೇಕಾದರೂ ಹೊಡೆಯಿರಿ, ಕೀಳಿರಿ. ಆ ಆಣಿಯೊಂದನ್ನು ಮುಟ್ಟಬೇಡಿ ಮಾರಾಯ್ರೆ."

ಹಾಲೆಮರದ ಬುಡದಲ್ಲಿ ನಿಂತು ಪಕ್ಕದ ಮನೆಯ ಕೂಸಪ್ಪ ಹೀಗೆಂದಾಗ, ಏಣಿಯ ತುದಿಯಲ್ಲಿದ್ದ ಸುಧೀರ್ ನಕ್ಕುಬಿಟ್ಟ.

"ಎಂತ ಕೂಸಪ್ಪಣ್ಣ, ಇದರಲ್ಲಿ ಭೂತವನ್ನು ಕಟ್ಟಿ ಹಾಕಿದ್ದಾ? ಪಾಪ, ಬಿಡಿಸುವ. ಅದಕ್ಕೂ ಒಂದು ಕುರ್ಚಿ ಹಾಕಿದರಾಯಿತು."

ಮುದುಕ ನಗಲಿಲ್ಲ. "ಯಾರ ಕೈಗೂ ಸಿಗಬಾರದೆಂದೇ ಅಷ್ಟು ಎತ್ತರದಲ್ಲಿ ಹೊಡೆಸಿದ್ದು. ಅಲ್ಲಿ ಹೋಗಿ ಮನೆ ಕಟ್ಟುವವರು ಬರ್ತಾರೆಂದು ಯಾರಿಗೆ ಗೊತ್ತಿತ್ತು?" ಎಂದವನು, ಬೇಲಿಯಾಚೆಯಿಂದ ಹೆಂಡತಿ ಅಪ್ಪಿ ಮಜ್ಜಿಗೆ ಹಿಡಿದು ಬರುವುದನ್ನು ಕಂಡು ಬಾಯಿ ಮುಚ್ಚಿಕೊಂಡ.

ಅಪ್ಪಿ ನಗುಮುಖದ ಹೆಂಗಸು. ನೆರಳಿನಲ್ಲಿ ಮಾತಿಲ್ಲದೆ ಕುಳಿತಿದ್ದ ಸುಧೀರನ ಹೆಂಡತಿ ರಶ್ಮಿತಾಳ ಕೈಗೆ ಲೋಟ ಕೊಟ್ಟು, "ನಮಗೂ ಮಕ್ಕಳಿಲ್ಲ ಮಗಾ, ದೇವರು ಕೊಡಲೇ ಇಲ್ಲ. ಇಬ್ಬರೇ ಇದ್ದರೂ ದಿನ ಹೋಗ್ತದೆ," ಎಂದಳು. ಕೂಸಪ್ಪ ಮುಖ ತಿರುಗಿಸಿ ಗುಡ್ಡದ ಕಡೆ ನೋಡಿದ.

ಮಂಗಳೂರಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಸರಳುಗಳ ಸಂದಿಯಿಂದ ಮಗಳು ಶಮಿಕಾ ಜಾರಿ ಬಿದ್ದು ಸತ್ತ ಮೇಲೆ ಸುಧೀರ್ ಆ ಫ್ಲ್ಯಾಟನ್ನೇ ಮಾರಿ ಮೀಂಜದ ಈ ಗುಡ್ಡಕ್ಕೆ ಬಂದಿದ್ದ. ಬೇರೆಯವರ ಮನೆಗಳಿಗೆ ಕಪಾಟು, ಮಂಚ ಕೂರಿಸುವುದು ಅವನ ಉದ್ಯೋಗ. ರಶ್ಮಿತಾ ಊಟ ಬಿಟ್ಟಿದ್ದಳು, ಮಾತು ಬಿಟ್ಟಿದ್ದಳು. ದಾರಿಯಲ್ಲಿ ಸ್ಕೂಲ್ ಬಸ್ ಕಂಡರೆ ನಡುಗುತ್ತಿದ್ದಳು. ಈ ಮರದ ಮೇಲೆ, ಮಕ್ಕಳ ಸುಳಿವೇ ಇಲ್ಲದ ಒಂದು ಪುಟ್ಟ ಮನೆ ಕಟ್ಟಿಕೊಟ್ಟರೆ ಬದುಕಿಯಾಳು ಎಂಬುದೊಂದೇ ಅವನ ಆಸೆ. ಬೆತ್ತದ ಕುರ್ಚಿ, ಪುಸ್ತಕದ ಹಲಗೆ, ಕಾಫಿಗೊಂದು ಕೆಟಲ್, ಅಗಲದ ಹಾಸಿಗೆ. ಎಲ್ಲವೂ ದೊಡ್ಡವರ ಅಳತೆಯವು. ರೇಲಿಂಗ್ ಹೊಡೆಯುವಾಗ ಮಾತ್ರ ಕೈ ಅವನ ಮಾತು ಕೇಳಲಿಲ್ಲ. ಪಟ್ಟಿಗಳು ಮುಷ್ಟಿಯೂ ತೂರದಷ್ಟು ಒತ್ತೊತ್ತಾಗಿ ಕುಳಿತವು.

ಮರದ ಕಾಂಡ ಕೋಣೆಯ ನಡುವೆಯೇ ಹಾದುಹೋಗಿತ್ತು. ಅದಕ್ಕೆ ಒರಗಿಸಿ ಬೆಂಚು ಕೂರಿಸಿದರೆ ಆ ಆಣಿ ಬೆನ್ನಿಗೆ ಚುಚ್ಚುತ್ತಿತ್ತು. ಸುಧೀರ್ ಸುತ್ತಿಗೆಯ ಸೀಳಿಗೆ ಅದರ ತಲೆ ಸಿಕ್ಕಿಸಿ ಎಳೆದ. ನರಳುತ್ತಾ ಹೊರಬಂದ ಗೇಣುದ್ದದ ಆಣಿಗೆ ಕಪ್ಪು ನೂಲೊಂದು ಸುತ್ತಿಕೊಂಡಿತ್ತು. ಸಣ್ಣ ಮಗುವಿನ ಉಡಿದಾರ. ತೂತಿನಿಂದ ಹಾಲು ಒಸರಿತು. ಹಾಲೆಮರವಲ್ಲವೇ, ಒಸರಲಿ ಎಂದುಕೊಂಡು ಒರೆಸಿದ. ಒರೆಸಿದಷ್ಟೂ ಬಂತು. ಬೆಚ್ಚಗಿತ್ತು.

ಗಟ್ಟಿ ಆಣಿ, ಎಸೆಯುವುದೇಕೆಂದು ಅದನ್ನೇ ಬಾಗಿಲ ಮೇಲೆ ಬಡಿದು, 'ದೊಡ್ಡವರಿಗೆ ಮಾತ್ರ' ಎಂಬ ಹಲಗೆ ತೂಗಿಸಿದ.

ಆ ಮುಸ್ಸಂಜೆ ಇಬ್ಬರೂ ಮೇಲೆ ಹೋಗಿ ದೀಪ ಹಚ್ಚಿದರು. ಹಾಲೆಹೂವಿನ ವಾಸನೆ ಗಂಟಲು ಕಟ್ಟುವಷ್ಟು ದಟ್ಟವಾಗಿತ್ತು. ಅದರೊಳಗೆ ಇನ್ನೊಂದು ವಾಸನೆ: ಮಕ್ಕಳ ಪೌಡರಿನದು. ಜೀರುಂಡೆಗಳು ಒಮ್ಮೆಗೇ ನಿಂತವು.

"ಅಮ್ಮಾ."

ರೇಲಿಂಗಿನ ಆಚೆ, ಕತ್ತಲು ಕಟ್ಟಿದ ಕೊಂಬೆಯ ಮೇಲಿನಿಂದ. ಶಮಿಕಾಳದೇ ಸ್ವರ.

"ಎತ್ತಿಕೊ ಅಮ್ಮಾ."

ರಶ್ಮಿತಾಳ ಮುಖ ಅರಳಿತು. ಅವಳು ರೇಲಿಂಗ್ ಹತ್ತಿದಳು. ಸುಧೀರ್ ಸೊಂಟ ಹಿಡಿದ. ಅವಳು ಜಗ್ಗಲಿಲ್ಲ. ಕೆಳಗೆ ಬೇಲಿ ಮುರಿದ ಸದ್ದು. ಅಪ್ಪಿ ಕೂದಲು ಕೆದರಿಕೊಂಡು ಓಡಿ ಬರುತ್ತಿದ್ದಳು.

"ಜಯಂತಾ! ನನಗೆ ಮಗ ಇದ್ದ! ನನ್ನ ಮಗ ಎಲ್ಲಿ?" ಎನ್ನುತ್ತಾ ಮರಕ್ಕೆ ತಲೆ ಚಚ್ಚತೊಡಗಿದಳು.

ಅವಳನ್ನು ಅವುಚಿಕೊಂಡು ಕೂಸಪ್ಪ ಕೂಗಿದ: "ತೂತು ಮುಚ್ಚಿ! ಅದು ತೆರೆದರೆ ಸತ್ತ ಮಗು ಬರ್ತದೆ, ತಾಯಿಯನ್ನು ಕರಕೊಂಡೇ ಹೋಗ್ತದೆ! ನಿಮ್ಮ ಮಗುವಿನದು ಎಂತಾದರೂ ಸುತ್ತಿ, ಹೆಸರು ಹೇಳಿ ಹೊಡೆಯಿರಿ!"

"ಹೊಡೆದರೆ?"

"ತಾಯಿ ಬದುಕ್ತಾಳೆ. ಮಗು ಇದ್ದದ್ದೇ ಅವಳಿಗೆ ಮರ್ತು ಹೋಗ್ತದೆ. ಮಂತ್ರವಾದಿ ನನಗೂ ಹಾಗೇ ಹೇಳಿದ್ದ. ನಾನು ಹೊಡೆಸಿದೆ!"

ಸುಧೀರ್ ಚೂಡಿದಾರದ ಶಾಲಿನಿಂದ ರಶ್ಮಿತಾಳ ಕೈಯನ್ನು ರೇಲಿಂಗಿಗೆ ಬಿಗಿದ. ಬಾಗಿಲ ಮೇಲಿನ ಹಲಗೆ ಎಳೆದು ಎಸೆದ. ಆಣಿ ಕಿತ್ತ. ಪರ್ಸಿನಲ್ಲಿ ಶಮಿಕಾಳ ಉಡಿದಾರವಿತ್ತು, ಆಸ್ಪತ್ರೆಯಲ್ಲಿ ಬಿಚ್ಚಿ ಕೊಟ್ಟದ್ದು. ಜಯಂತನ ನೂಲಿನ ಮೇಲೆ ಅದನ್ನೂ ಸುತ್ತಿದ.

"ಅಪ್ಪಾ," ಎಂದಿತು ತೂತು. "ಹೊಡೀಬೇಡ ಅಪ್ಪಾ."

ಎತ್ತಿದ ಕೈ ನಿಂತಿತು. ಶಾಲಿನ ಗಂಟು ಬಿಚ್ಚಿತು. ರಶ್ಮಿತಾಳ ಒಂದು ಕಾಲು ಗಾಳಿಯಲ್ಲಿತ್ತು.

"ಜಯಂತಾ," ಎಂದ. ಹೊಡೆದ. "ಶಮಿಕಾ." ಹೊಡೆದ. "ಶಮಿಕಾ." ಹೊಡೆದ. ಏಟಿಗೊಮ್ಮೆ ತೂತಿನೊಳಗಿನ ಅಳು ಸಣ್ಣದಾಯಿತು. ಹಾಲು ಮುಖಕ್ಕೆ ಚಿಮ್ಮಿತು. ಒಂದು ಬಿಕ್ಕಳಿಕೆ. ಆಮೇಲೆ ಜೀರುಂಡೆಗಳು.

ರಶ್ಮಿತಾ ರೇಲಿಂಗಿನಿಂದ ಇಳಿದು, "ಇದೆಂತ, ಹೊಸ ಬೆಂಚಿಗೆಲ್ಲ ಹಾಲು?" ಎಂದಳು.

ಈಗ ದಿನವೂ ಸಂಜೆ ಹೆಂಗಸರಿಬ್ಬರು ಮೇಲೆ ಕುಳಿತು ಕಾಫಿ ಕುಡಿಯುತ್ತಾರೆ. ಹೊಸಂಗಡಿ ಬಸ್ಸಿನ ಕಂಡಕ್ಟರನ ಹಾಗೆ ಅಪ್ಪಿ ಕೂಗಿ ತೋರಿಸಿದರೆ ರಶ್ಮಿತಾ ಹೊಟ್ಟೆ ಹಿಡಿದು ನಗುತ್ತಾಳೆ. ಗಂಡಸರಿಬ್ಬರು ಬುಡದಲ್ಲಿ ಕುಳಿತಿರುತ್ತಾರೆ.

"ಜಯಂತನಿಗೆ ಹಲಸಿನ ಹಪ್ಪಳ ಅಂದರೆ ಜೀವ," ಎನ್ನುತ್ತಾನೆ ಕೂಸಪ್ಪ, ಮೇಲೆ ಕೇಳಿಸದಷ್ಟು ಮೆಲ್ಲಗೆ.

"ಶಮಿಕಾ ಚಪ್ಪಲಿ ಯಾವಾಗಲೂ ಅದಲುಬದಲು ಹಾಕ್ತಿದ್ದಳು," ಎನ್ನುತ್ತಾನೆ ಸುಧೀರ್.

ಒಂದು ಸಂಜೆ ರಶ್ಮಿತಾ ಮೇಲಿನಿಂದ ಬಗ್ಗಿ ಕೇಳಿದಳು: "ಹೋಯ್, ಈ ಪಟ್ಟಿಗಳನ್ನು ಎಂತಕ್ಕೆ ಇಷ್ಟು ಒತ್ತೊತ್ತಾಗಿ ಹೊಡೆದದ್ದು? ಗಾಳಿಯೇ ಬರುವುದಿಲ್ಲ. ಬೀಳಲಿಕ್ಕೆ ನಮ್ಮಲ್ಲಿ ಸಣ್ಣ ಮಕ್ಕಳು ಉಂಟಾ?"

ಸುಧೀರ್ ತಲೆ ಎತ್ತಲಿಲ್ಲ.

"ನಾಳೆ ಒಂದೊಂದು ಬಿಟ್ಟು ಕೀಳ್ತೇನೆ," ಎಂದ.