ಕೆಂಪು ಕಲ್ಲಿನ ಮೇಲೆ ಎರಡು ಹೆಜ್ಜೆ

“ಇಷ್ಟು ಅಗಲ ಹೊರಳಿದ ಹೆಜ್ಜಿ ಪ್ರಿಯದರ್ಶಿನೀದಲ್ಲದ ಮತ್ಯಾರದು? ಶೂ ಕದ್ದಾಕಿ ಆಕೀನ!” ಎಂದು ನಾಗರತ್ನಾ ಟೀಚರ್ ನೆಲಕ್ಕೆ ಬೆರಳು ತೋರಿಸಿದರು.

ಬಾಳವ್ವ ಬಗ್ಗಿ ನೆಲ ನೋಡಿದಳು. ನವನಗರದ ತನ್ನ ಮನೆಯ ಮಹಡಿಯ ದೊಡ್ಡ ಕೋಣೆಯನ್ನು ಬ್ಯಾಲೆ ಕ್ಲಾಸಿಗೆ ಬಿಟ್ಟುಕೊಟ್ಟವಳು ಅವಳೇ. ತುದಿಬೆರಳ ಮೇಲೆ ನಿಂತು ಕುಣಿಯುವ ರೇಷ್ಮೆಯ ಶೂ ಕಪಾಟಿನಲ್ಲಿ ಒಂದೇ ಜೊತೆ ಇತ್ತು. ಸಂಜೆಯ ಕಾರ್ಯಕ್ರಮಕ್ಕೆ ಟೀಚರ್ ಯಾರನ್ನು ಆರಿಸುತ್ತಾರೋ ಅವಳಿಗೆ ಅದು. ಬೆಳಿಗ್ಗೆ ಅಲ್ಲಿಗೆ ಬಂದದ್ದು ಇಬ್ಬರೇ: ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಕುಣಿಯುವ, ಇಳಕಲ್ಲಿನ ನೇಕಾರರ ಮಗಳು ಪ್ರಿಯದರ್ಶಿನಿ; ಪಕ್ಕದ ಓಣಿಯ ಶೈಲಾ. ಇಬ್ಬರ ಪಾದವೂ ಒಂದೇ ಅಳತೆ. ಈಗ ಶೂ ಇಲ್ಲ. ಕಾಲು ಜಾರದಿರಲೆಂದು ಇಟ್ಟ ರಾಳದ ಪುಡಿ ಕಪಾಟಿನ ಕನ್ನಡಿಯೆದುರು ಕೆಂಪು ಕಲ್ಲಿನ ಮೇಲೆ ಚೆಲ್ಲಿತ್ತು. ಅದರಲ್ಲಿ ಬರಿಗಾಲಿನ ಎರಡು ಹೆಜ್ಜೆ. ಹಿಮ್ಮಡಿ ಕೂಡಿ, ಬೆರಳು ಎಡಬಲಕ್ಕೆ ಗೀಟೆಳೆದಷ್ಟು ನೇರ; ಅಂಗಾಲು ಪೂರಾ ಮೂಡಿತ್ತು.

“ನಾ ಮುಟ್ಟಿಲ್ರಿ ಅಕ್ಕಾರ…” ಎಂದಳು ಪ್ರಿಯದರ್ಶಿನಿ.

“ಸಂಜೀಕ ಸ್ಟೇಜ್ ಇಲ್ಲ. ನಾಳಿಂದ ಕ್ಲಾಸೂ ಬ್ಯಾಡ.”

ಬಾಳವ್ವ ಎದುರುಮನೆಗೆ ಓಡಿದಳು. ಅಮೀನಬಿ ಮೂವತ್ತು ವರ್ಷ ದವಾಖಾನೆಯಲ್ಲಿ ಮುರಿದ ಕಾಲುಗಳನ್ನು ನೋಡಿದ ನರ್ಸ್. ಓಣಿಯಲ್ಲಿ ಏನು ಕಳೆದರೂ ಜನ ಮೊದಲು ತಟ್ಟುತ್ತಿದ್ದುದು ಆಕೆಯ ಕದವನ್ನೇ.

ಅಮೀನಬಿ ಬಂದವಳೇ ಹೆಜ್ಜೆಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು. ಆಮೇಲೆ ತಲೆಯೆತ್ತಿದಳು.

“ಶೈಲಾ, ಮೊಣಕಾಲಿಗ್ಯಾಕ ಅರಿವಿ ಸುತ್ತೀಯವ್ವಾ?”

“ಭಾಳ ದಿನದ ನೋವ್ರಿ.”

“ಬಾಳವ್ವಾ, ಒಂದು ಬಕೀಟ ನೀರು ತಾ.”

“ಕಳ್ಳರನ್ನ ಹಿಡಿ ಅಂದ್ರ ನೆಲ ಒರಸ್ತೀಯೇನ ಅಕ್ಕಾ?”

“ತಾ ಅಂದ್ರ ತಾ!”

ಹುಡುಗಿಯರಿಬ್ಬರೂ ಕಾಲು ತೋಯಿಸಿ, ಹಿಮ್ಮಡಿ ಕೂಡಿಸಿ ಬೆರಳು ಹೊರಳಿಸುವ ಮೊದಲ ಪಾಠದ ನಿಲುವಿನಲ್ಲಿ ನಿಂತು ಸರಿದರು. ಪ್ರಿಯದರ್ಶಿನಿಯ ಗುರುತು ಹತ್ತು ಗಂಟೆ ಹತ್ತು ನಿಮಿಷದ ಮುಳ್ಳುಗಳಂತಿತ್ತು. ಅಂಗಾಲಿನ ನಡುವೆ ಒಣ ಕಲ್ಲು. ಶೈಲಾಳದು ನೇರ ಗೀಟು, ಅಂಗಾಲು ಪೂರಾ ಒದ್ದೆ. ಪುಡಿಯಲ್ಲಿದ್ದ ಹಾಗೆಯೇ!

ಅಮೀನಬಿ ಟೀಚರ್ ಕಡೆ ತಿರುಗಿದಳು. “ಅಕ್ಕಾರ, ದಿನಾ ನೀವು ಕೂಗೂದು ನನ್ನ ಕಿಟಕಿಗೂ ಕೇಳತೈತಿ: ‘ಹೊರಳೂದು ಟೊಂಕದ ಕೀಲಿನಿಂದ, ಪಾದದಿಂದಲ್ಲ.’ ಪ್ರಿಯದರ್ಶಿನಿ ಕೀಲು ಬಿಟ್ಟಷ್ಟ ಹೊರಳ್ತಾಳ; ಅದಕ್ಕ ಆಕಿ ಅಂಗಾಲಿನ ಕಮಾನ ಎದ್ದು ನಿಂತೈತಿ. ಪಾದಾನ ಜಬರದಸ್ತಿ ತಿರುವಿದ್ರ ಕಮಾನ ಕುಸೀತೈತಿ, ಭಾರ ಒಳಗ ಬಿದ್ದು ಮೊಣಕಾಲು ತಿರುಚತೈತಿ. ಪುಡಿ ಅರ್ಧಾ ಹೇಳ್ತು, ಅರಿವಿ ಅರ್ಧಾ ಹೇಳ್ತು.”

“ಅಯ್ಯ ನಮ್ಮವ್ವಾ, ಅಗಲ ಇದ್ದಷ್ಟು ಚಲೋ ಅನ್ಕೊಂಡಿದ್ನಲ್ಲಾ!” ಎಂದಳು ಬಾಳವ್ವ.

ಶೈಲಾ ಬಿಕ್ಕುತ್ತ ಚೀಲದಿಂದ ಶೂ ತೆಗೆದಳು. “ನನ್ನನ್ನ ಆರಿಸಂಗಿಲ್ಲ ಅಂತ ಗೊತ್ತಿತ್ರಿ. ಎದಿಗೆ ಹಿಡಕೊಂಡು ಕನ್ನಡಿ ಮುಂದ ಒಮ್ಮೆ ನಿಂತು ನೋಡ್ಕೊಂಡೆ, ಆಮ್ಯಾಲ ಬಿಡಾಕ ಮನಸ ಬರಲಿಲ್ಲ…”

“ನಾನ ಕಲಿಸಿದ ಪಾಠ, ಸಿಟ್ಟಿನಾಗ ನಾನ ಮರ್ತೆ,” ಎಂದು ಟೀಚರ್ ಪ್ರಿಯದರ್ಶಿನಿಯ ಕೈ ಹಿಡಿದರು. “ತಪ್ಪಾತವ್ವಾ. ಸಂಜೀಕ ನೀನ ಕುಣೀಬೇಕು.”

“ನಾಳಿ ಮುಂಜಾನೆ ನೀ ನಮ್ಮನಿಗೆ ಬಾ,” ಅಮೀನಬಿ ಶೈಲಾಳ ಕಣ್ಣೊರೆಸಿದಳು. “ಮೊದಲ ಮೊಣಕಾಲು ಉಳಿಸೂಣು. ಕುಣಿತ ಎಲ್ಲಿ ಹೋಗತೈತಿ?”

ಸಂಜೆ ಪ್ರಿಯದರ್ಶಿನಿ ತುದಿಬೆರಳ ಮೇಲೆ ಎದ್ದು ನಿಂತಾಗ ಸಭೆ ಚಪ್ಪಾಳೆ ನಿಲ್ಲಿಸಲೇ ಇಲ್ಲ. ಬಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಕೆಳಗೆ ನೋಡಿದಳು. ಪಕ್ಕದ ಕುರ್ಚಿಯಡಿ ಅಮೀನಬಿ ಚಪ್ಪಲಿ ಕಳಚಿದ್ದಳು. ಹಿಮ್ಮಡಿ ಕೂಡಿಸಿದ ಆಕೆಯ ಎರಡು ಪಾದಗಳು ಮೆಲ್ಲಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ತೆರೆದುಕೊಳ್ಳುತ್ತಿದ್ದವು.