ತಲೆ ಕತ್ತರಿಸಿದ ಗ್ರಾಫು

2011ರ ಜುಲೈ 18, ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಚಿಕ್ಕಜಾಲ ಠಾಣೆಗೆ ಬಂದ ಮುನಿರತ್ನ ಕುರ್ಚಿಯಲ್ಲಿ ಕೂರುವ ಮೊದಲೇ ಕೂಗಾಟ ಶುರುಮಾಡಿದ. ಹುಣಸಮಾರನಹಳ್ಳಿಯಲ್ಲಿ ಅವನದು ಕ್ಯಾನ್ ನೀರಿನ ಘಟಕ. ಆರ್.ಟಿ. ನಗರದವರೆಗೂ ನೀರು ಹೋಗುತ್ತಿತ್ತು. ನೀರಿನ ಪರೀಕ್ಷೆಯ ಗ್ರಾಫನ್ನು ವಾರವಾರವೂ ವೆಬ್‌ಸೈಟಿನಲ್ಲಿ ಹಾಕುತ್ತೇವೆಂಬುದು ಅವನ ಜಂಬ.

"ನಮ್ ಗ್ರಾಫ್‌ನ ಯಾರೋ ಕೆಡಿಸಿದಾರೆ ಮೇಡಂ. ಶನಿವಾರದಿಂದ ನೀರಲ್ಲಿ ನೈಟ್ರೇಟ್ ಜಾಸ್ತಿ ಅಂತ ತೋರಿಸ್ತಿದೆ. ಹಿಡಿದು ಒಳಗ್ಹಾಕಿ!"

ಇನ್‌ಸ್ಪೆಕ್ಟರ್ ರಾಧಾಮಣಿಗೆ ಕೂಗಾಡುವ ಫಿರ್ಯಾದಿಗಳು ಹೊಸಬರಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರಡಿ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಆವಲಪ್ಪನನ್ನೂ ಮುನಿರತ್ನನನ್ನೂ ಕರೆದುಕೊಂಡು ಜೀಪು ಹತ್ತಿದಳು.

ಘಟಕದ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದವಳು ಜಬೀನ್, ಅಲ್ಲಿನ ಪ್ರೋಗ್ರಾಮರ್.

"ಸೈಟ್ ಬದಲಾಯಿಸೋಕೆ ಯಾರ್ಯಾರಿಗೆ ಆಗತ್ತೆ?"

"ನನಗೊಬ್ಬಳಿಗೇ."

"ಶನಿವಾರ ಬದಲಾಯಿಸಿದ್ದು?"

"ನಾನೇ ಮೇಡಂ. ನನ್ನ ಹೆಸರಲ್ಲೇ ಮಾಡಿದೀನಿ. ಬಚ್ಚಿಟ್ಕೊಂಡು ಮಾಡೋ ಕೆಲಸ ಅಲ್ಲ ಅದು."

ರಾಧಾಮಣಿಯ ಪೆನ್ನು ನಿಂತಿತು. ಇಷ್ಟು ಸಲೀಸಾಗಿ ಒಪ್ಪಿಕೊಂಡ ಆರೋಪಿಯನ್ನು ಅವಳು ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ.

"ಹೇಗೆ ಮಾಡಿದೆ?"

"ಗ್ರಾಫ್ ನಾವು ಬರೆಯಲ್ಲ. ನನ್ನ ಕೋಡು ಅಂಕಿಗಳನ್ನ ಇಂಟರ್ನೆಟ್‌ನಲ್ಲಿರೋ ಒಂದು ಸೇವೆಗೆ ಕಳಿಸತ್ತೆ, ಅವರು ಚಿತ್ರ ಮಾಡಿ ವಾಪಸ್ ಕಳಿಸ್ತಾರೆ. ಅದಕ್ಕೆ ಒಂದು ಲೈಬ್ರರಿ ಉಪಯೋಗಿಸ್ತೀನಿ."

"ಲೈಬ್ರರಿ ಎಲ್ಲೈತಮ್ಮ? ಅಲ್ಲಿಗೂ ಓಗ್ಬೇಕಾ?" ಎಂದ ಆವಲಪ್ಪ. ಆಗಲೇ ಪಂಚನಾಮೆಯ ಕರಡಿನಲ್ಲಿ 'ಗ್ರಂಥಾಲಯ' ಎಂದು ಬರೆದೂ ಆಗಿತ್ತು.

ಜಬೀನ್ ನಗಲಿಲ್ಲ. "ಬೇರೆಯವರು ಬರೆದಿಟ್ಟಿರೋ ರೆಡಿ ಕೋಡು ಸಾರ್," ಎಂದಳು. ಆವಲಪ್ಪ ಗೊಣಗುತ್ತಲೇ ಆ ಪದ ಹೊಡೆದುಹಾಕಿದ.

ಎದುರಿನ ಬೇಕರಿಯ ಪಂಚಪ್ಪ, ಗ್ಯಾರೇಜಿನ ನೂರುಲ್ಲಾ ಪಂಚರಾಗಿ ಬಂದರು. ಅವರ ಮುಂದೆ ಜಬೀನ್ ಹಳೆಯ ಕೋಡು ನಡೆಸಿದಳು. ಗೆರೆ ನಲವತ್ತರವರೆಗೆ ಹತ್ತಿ, ಅಲ್ಲಿಂದಾಚೆಗೆ ಚಪ್ಪಟೆಯಾಗಿ ಮಲಗಿತು. ನೈಟ್ರೇಟ್ ಲೀಟರಿಗೆ ನಲವತ್ತೈದು ಮಿಲಿಗ್ರಾಂ ದಾಟಬಾರದೆಂಬುದು ನಿಯಮ. "ಗ್ರಾಫ್ ನಲವತ್ತು ದಾಟಬಾರದು ಅಂತ ಸಾಹೇಬ್ರು ಒಂದು ಸಾಲು ಬರೆಸಿದ್ರು. ನಾನು ತೆಗೆದಿದ್ದು ಅದೊಂದೇ," ಎಂದು ಆ ಸಾಲನ್ನು ಅಳಿಸಿದಳು. ಅವೇ ಅಂಕಿಗಳು ಮತ್ತೆ ಹೋಗಿ ಚಿತ್ರವಾಗಿ ಬಂದವು. ಈ ಸಲ ಗೆರೆ ಎಪ್ಪತ್ತು ದಾಟಿತ್ತು. ಘಟಕದ ಪರೀಕ್ಷಾ ವರದಿಗಳಲ್ಲೂ ಅಂಕಿ ಅಷ್ಟೇ ಇತ್ತು.

"ಇದೇ ನೀರಲ್ವಾ ನಮ್ ಬೇಕರೀಗೆ ಬರೋದು?" ಎಂದ ಪಂಚಪ್ಪ.

ಎರಡೂ ಚಿತ್ರ ಮುದ್ರಿಸಿ ಪಂಚರ ಸಹಿ ಹಾಕಿಸಿದ್ದೇ ತಡ, ಮುನಿರತ್ನನಿಗೆ ಜ್ಞಾನೋದಯವಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನದು.

"ಬಿಡಿ ಮೇಡಂ, ಏನೋ ಚಿಕ್ಕ ಹುಡುಗಿ. ಕಂಪ್ಲೇಂಟ್ ವಾಪಸ್ ತಗೋತೀನಿ."

ಜಬೀನ್ ಎದ್ದು ನಿಂತಳು. "ತಗೋಬಾರದು! ನನ್ನ ಅರೆಸ್ಟ್ ಮಾಡಿ ಮೇಡಂ. ಕೇಸ್ ಇಲ್ಲಿಗೇ ಮುಗಿದ್ರೆ ನಾಳೆ ಗ್ರಾಫ್ ಮತ್ತೆ ಚಪ್ಪಟೆ ಆಗತ್ತೆ. ಕೋರ್ಟಿಗೆ ಹೋದ್ರೆ ಈ ಚಿತ್ರಗಳೂ ಹೋಗ್ತವೆ."

"ಜೈಲಾಗಬಹುದು, ಗೊತ್ತಾ?"

"ಓದ್ಕೊಂಡೇ ಮಾಡಿದೀನಿ."

ಹುಡುಗಿಯ ಧೈರ್ಯಕ್ಕೆ ರಾಧಾಮಣಿಯ ಎದೆ ತುಂಬಿತು. ಮುಖ ಮಾತ್ರ ಪೊಲೀಸ್ ಮುಖವಾಗಿಯೇ ಇತ್ತು. "ಎಫ್‌ಐಆರ್ ಹರಿದು ಬಿಸಾಕೋ ಚೀಟಿ ಅಲ್ಲ ಮುನಿರತ್ನ ಅವರೇ. ಏನಿದ್ರೂ ಕೋರ್ಟಲ್ಲಿ ಹೇಳ್ಕೊಳ್ಳಿ. ಪಂಚಪ್ಪ, ನೀರಿನ ಬಗ್ಗೆ ನಿಮ್ಮ ದೂರಿದ್ರೆ ಬರ್ಕೊಡಿ, ಅದನ್ನೂ ದಾಖಲು ಮಾಡ್ತೀನಿ."

ಪಂಚಪ್ಪ ಅಲ್ಲೇ ಕೂತು ಬರೆದುಕೊಟ್ಟ. ಮಧ್ಯಾಹ್ನ ಮೂರೂವರೆಗೆ ಜಬೀನಳ ದಸ್ತಗಿರಿಯಾಯಿತು.

ಠಾಣೆಯಲ್ಲಿ ಅವಳು ಕೊಟ್ಟ ಹೇಳಿಕೆ ಚಿಕ್ಕದು. ತಾಯಿ ಶಹರ್ಬಾನು ಆ ಗ್ರಾಫು ತೋರಿಸಿ, "ನನ್ನ ಮಗಳೇ ಮಾಡೋದು, ಸುಳ್ಳಿರಲ್ಲ" ಎಂದು ಬೀದಿಗೆಲ್ಲ ಆ ನೀರು ಹಿಡಿಸಿದ್ದಳು. ಆ ನೀರಲ್ಲಿ ಹಾಲಿನ ಪುಡಿ ಕಲಸಿ ಕುಡಿಸುತ್ತಿದ್ದ ಪಕ್ಕದ ಮನೆಯ ಹಸುಗೂಸು ನೈಟ್ರೇಟಿನಿಂದ ಮೈ ನೀಲಿಗಟ್ಟಿ ಆಸ್ಪತ್ರೆ ಸೇರಿತ್ತು. ಮಗುವಿನ ಮನೆಯವರು ಬೈದು ಒಂದು ಮಾತೂ ಆಡಿರಲಿಲ್ಲ. ಶಹರ್ಬಾನು ಮಾತ್ರ ಅಂದಿನಿಂದ ಹೊಸಿಲು ದಾಟಿರಲಿಲ್ಲ.

ಸಂಜೆ ಜಾಮೀನಿಗೆಂದು ಮೊಯಿನುದ್ದೀನ್ ಎಂಬ ಮುದುಕ ಬಂದ.

"ಹುಡುಗಿಗೆ ನೀವೇನಾಗ್ಬೇಕು?" ಎಂದು ರಾಧಾಮಣಿ ಕೇಳಿದಳು.

"ಪಕ್ಕದ ಮನೆಯೋನು. ಆ ಮಗು ನನ್ನ ಮೊಮ್ಮಗ. ಉಳ್ಕೊಂಡ."

ಅವನು ಬಾಗಿಲ ಕಡೆ ತಿರುಗಿ ಕರೆದ. "ಒಳಗೆ ಬನ್ನಿ ಶಹರ್ಬಾನು, ಯಾಕೆ ಹೊರಗೇ ನಿಂತ್ಕೊಂಡ್ರಿ?"