ವಿಐ ಪರದೆಯಲ್ಲಿ ಸಿಕ್ಕಿಕೊಂಡ ಸುಮನ

“ಇದರಾಗಿಂದ ಹೊರಗ ಬರಾಕ ಆಗವಲ್ತಲ್ರೀ!”

ಸುಮನಳ ಕಣ್ಣುಗಳು ತುಂಬಿದ್ದವು. ಯಾವ ಕೀಲಿ ಒತ್ತಿದರೂ ಕಂಪ್ಯೂಟರ್ ‘ಬೀಪ್’ ಎನ್ನುತ್ತಿತ್ತೇ ಹೊರತು ಪರದೆ ಅವಳನ್ನು ಬಿಡುತ್ತಿರಲಿಲ್ಲ...

1995ರ ಕಬ್ಬಿನ ಹಂಗಾಮು. ತೇರದಾಳದ ಸುಮನ ಮುಧೋಳದ ಹತ್ತಿರದ ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ಕೋಣೆಗೆ ಸೇರಿ ಮೂರೇ ದಿನವಾಗಿತ್ತು.

ಹಿಂದಿನಿಂದ ಒಂದು ಕೈ ಚಾಚಿ ಬಂತು. ಎಸ್ಕೇಪ್ ಕೀಲಿ, ಆಮೇಲೆ ಎರಡು ಮೂರು ಅಕ್ಷರ. ಪರದೆ ಬಿಟ್ಟಿತು!

ತಿರುಗಿ ನೋಡಿದರೆ ಸರ್ವರ್ ನೋಡಿಕೊಳ್ಳುವ ನೇಮಿನಾಥ. ಎಷ್ಟು ಹತ್ತಿರ! ಅವಳ ಎದೆ ಡವಡವ ಎಂದಿತು.

“ಇದು ವಿಐ ಎಡಿಟರ್ ರೀ. ಇನ್ಮ್ಯಾಲ ಪ್ರೋಗ್ರಾಮ್ ಎಲ್ಲಾ ಇದರಾಗ ಬರೀಬೇಕು.”

“ನಿನ್ನಿ ಇದ್ದದ್ದು ಛಲೋ ಇತ್ತಲ್ರೀ. ಮೆನು ನೋಡಿ ಕೆಲಸಾ ಮಾಡ್ತಿದ್ನಿ...”

“ಅದನ್ನ ತಗದೇನಿ.” ಅಷ್ಟೇ ಹೇಳಿ ಅವನು ಹೊರಟುಹೋದ.

‘ಬೇಕಂತಲೇ ತೆಗೆದಿದ್ದಾನೆ! ನಾನು ಸೋತು ಮನೆಗೆ ಹೋಗಲಿ ಅಂತ!’

ಮನೆಯಲ್ಲೂ ಅವಳಿಗೆ ಉಸಿರುಗಟ್ಟುತ್ತಿತ್ತು. ಅವಳ ಅವ್ವ ಅಕ್ಕವ್ವ, ಮಗಳನ್ನು ತನ್ನ ತಮ್ಮ ಅನಂತಪ್ಪನಿಗೆ ಕೊಡುವುದಾಗಿ ಮಾತು ಕೊಟ್ಟುಬಿಟ್ಟಿದ್ದಳು. ಅವನು ಸುಮನಳಿಗಿಂತ ಹದಿನೈದು ವರ್ಷ ದೊಡ್ಡವನು.

“ಆರ ತಿಂಗಳದಾಗ ನೌಕರಿ ಖಾಯಂ ಆಗ್ಲಿಲ್ಲಂದ್ರ ಮಾವನ ಕೂಡ ಮದಿವಿ. ಆತಿಲ್ಲೋ?”

ಅವ್ವ ಗಡುವು ಹಾಕಿದ್ದಳು. ಅಲ್ಲಿ ಆ ಎಡಿಟರ್, ಇಲ್ಲಿ ಈ ಮದುವೆ... ಯಾವ ಕಡೆ ಓಡುವುದು?

ಸಿಟ್ಟಿನಿಂದಲೇ ವಿಐ ಕಲಿತಳು. ನೇಮಿನಾಥ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ, ಮತ್ತೇನೂ ಮಾತಾಡುತ್ತಿರಲಿಲ್ಲ. ಅವನ ಮೌನ ಅವಳನ್ನು ಇನ್ನಷ್ಟು ಸುಡುತ್ತಿತ್ತು.

ಐದನೆಯ ತಿಂಗಳು, ನೇಮಿನಾಥ ಬೆಳಗಾವಿಗೆ ಹೋಗಿದ್ದ ದಿನ. ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಸರ್ವರ್ ಮಾತ್ರ ಪೂರ್ತಿ ಏಳದೆ ಅರ್ಧಕ್ಕೇ ನಿಂತಿತು. ಅದಕ್ಕೆ ಜೋಡಿಸಿದ್ದ ಕಬ್ಬಿನ ತೂಕದ ಕಾಟಾ ಬಂದ್ ಆಯಿತು.

ಮ್ಯಾನೇಜರ್ ಗಿರಿಮಲ್ಲಪ್ಪ ಓಡಿ ಬಂದರು. “ಗೇಟಿನ ತನಕ ಚಕ್ಕಡಿ ನಿಂತಾವಬೇ! ಕಬ್ಬು ಒಣಗಾಕತ್ತೈತಿ, ಎತ್ತು ಬಿಸಲಾಗ ಅದಾವ!”

ಸುಮನ ಸರ್ವರ್ ಮುಂದೆ ಕುಳಿತು ಟೈಪ್ ಮಾಡಿದಳು. ಬೇರೆ ಯಾವ ಎಡಿಟರೂ ತೆರೆಯಲಿಲ್ಲ. ವಿಐ ಒಂದೇ ತೆರೆಯಿತು! ಸರ್ವರ್ ಫೈಲಿನಲ್ಲಿ ಕೆಟ್ಟಿದ್ದ ಸಾಲು ಹುಡುಕಿ ತಿದ್ದಿದಳು. ಸರ್ವರ್ ಎದ್ದಿತು, ಕಾಟಾ ಶುರುವಾಯಿತು.

“ನಿನ್ನ ಹೆಸರ ಖಾಯಂಗೆ ಕಳಸ್ತೇನವ್ವಾ,” ಎಂದರು ಗಿರಿಮಲ್ಲಪ್ಪ. “ನೇಮಿನಾಥ ಹೇಳಿದ್ದ ಖರೆ ಆತು. ಸರ್ವರ್ ಕೆಟ್ಟಾಗ ವಿಐ ಒಂದ ತೆರೀತೈತಿ, ಅದಕ್ಕ ಆ ಮೆನು ತಗದು ಆಕಿಗಿ ಇದನ್ನ ಕಲಸ್ತೇನಿ ಅಂದಿದ್ದ.”

ಸುಮನ ವಿಐ ಪರದೆಯತ್ತ ತಿರುಗಿದಳು. ಅಯ್ಯೋ... ಎಷ್ಟು ತಪ್ಪು ತಿಳಿದಿದ್ದೆ!

ಮರುದಿನ ಬೆಳಿಗ್ಗೆ ಅವಳು ಅವನೆದುರು ನಿಂತಳು.

“ನನ್ನ ಓಡಸಾಕ ಮಾಡೀರಿ ಅಂತ ತಿಳಕೊಂಡಿದ್ನಿ. ಯಾಕ ಹೇಳ್ಲಿಲ್ರೀ?”

“ಹೇಳಬೇಕಿತ್ರೀ...” ಅವನು ತಲೆ ತಗ್ಗಿಸಿದ. “ನಿಮ್ಮ ಮುಂದ ನಿಂತ್ರ ನನಗ ಮಾತ ಹೊಂಡೂದಿಲ್ಲ. ಮೊದಲನೇ ದಿನದಿಂದ ಹಿಂಗ.”

ಅವಳ ಕೆನ್ನೆ ಕೆಂಪಾಯಿತು. “ನಿನ್ನಿ ಮನ್ಯಾಗ ಹೇಳೇನಿ. ಸೋದರಮಾವನ ಕೂಡ ಮದಿವಿ ಒಲ್ಲೆ ಅಂತ.”

“ಹಂಗಾದ್ರ... ನಾ ನಮ್ಮ ಅವ್ವನ ಕರಕೊಂಡ ನಿಮ್ಮ ಮನಿಗಿ ಬರ್ಲೇನ್ರೀ?”

“ಬರ್ರಿ.”

“ಅಲ್ಲೂ ಮಾತು ಬರಲಿಲ್ಲಂದ್ರ?”

“ನಾ ಮಾತಾಡ್ತೇನ್ರೀ,” ಸುಮನ ಮೆಲ್ಲಗೆ ನಕ್ಕಳು. “ನೀವು ನನ್ನ ಬಾಜೂಕ ಕುಂಡ್ರಿ, ಸಾಕು.”